ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಹಾರ್ಡ್ ಡಿಸ್ಕ್, ಅಪ್ಪಯ್ಯನ ಧ್ವನಿಮುದ್ರಣಗಳು: ಅಳಿಸದೆ ವಿಂಡೋಸ್‌ಗೆ ತರುವುದು ಹೇಗೆ?

ಸೌಪರ್ಣಿಕಾ ತೀರ · ಭಾನುವಾರ, ಸಂಜೆ 6.10

ಎಲ್ಲರಿಗೂ ನಮಸ್ಕಾರ. ನನ್ನ ಅಪ್ಪಯ್ಯ ಸುಮಾರು ಮೂವತ್ತು ವರ್ಷ ನಮ್ಮ ಕುಂದಾಪುರದ ಆಸುಪಾಸಿನಲ್ಲಿ ನಡೆಯುತ್ತಿದ್ದ ತಾಳಮದ್ದಳೆಗಳಿಗೆ ಹೋಗಿ, ಮುಂದಿನ ಸಾಲಿನಲ್ಲಿ ಕುಳಿತು ಧ್ವನಿಮುದ್ರಣ ಮಾಡಿಕೊಂಡವರು. ಮೊದಲು ಕ್ಯಾಸೆಟ್, ಆಮೇಲೆ ಡಿಜಿಟಲ್ ರೆಕಾರ್ಡರ್, ಕೊನೆಯ ಕೆಲವು ವರ್ಷ ಒಂದು ವಿಡಿಯೊ ಕ್ಯಾಮೆರಾ. 2014ರಲ್ಲಿ ನನ್ನ ಮಗ ಕ್ಯಾಸೆಟ್‌ಗಳನ್ನೂ ಡಿಜಿಟಲ್ ಮಾಡಿ, ಎಲ್ಲವನ್ನೂ 2 ಟಿಬಿಯ ಒಂದೇ ಹಾರ್ಡ್ ಡಿಸ್ಕಿಗೆ ಹಾಕಿಕೊಟ್ಟ. ಆಗ ಅವನ ಬಳಿ ಇದ್ದದ್ದು ಮ್ಯಾಕ್. ಈಗ ಅವನು ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ಅಪ್ಪಯ್ಯ ಹೋಗಿ ಎರಡು ವರ್ಷವಾಯಿತು.

ಮನೆಯಲ್ಲಿರುವುದು ವಿಂಡೋಸ್ ಲ್ಯಾಪ್‌ಟಾಪ್ ಮತ್ತು ಏಳೆಂಟು ವರ್ಷ ಹಳೆಯ ಟಿವಿ. ನಿನ್ನೆ ಡಿಸ್ಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿದಾಗ ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂಬ ಪ್ರಶ್ನೆ ಬಂತು. ನನ್ನ ಭಾವ ‘ಸರಿ’ ಎಂದು ಒತ್ತುವುದರಲ್ಲಿದ್ದರು. ನಾನು ಕೈ ಹಿಡಿದು ತಡೆದೆ. ಮಗನಿಗೆ ಫೋನ್ ಮಾಡಿದರೆ, ಡಿಸ್ಕಿನ ಫೈಲ್ ಸಿಸ್ಟಂ (ಫೈಲ್‌ಗಳನ್ನು ಜೋಡಿಸಿಡುವ ಕ್ರಮ) ಬೇರೆ, ಎಕ್ಸ್‌ಫ್ಯಾಟ್ ಎಂಬ ಕ್ರಮಕ್ಕೆ ಬದಲಾಯಿಸಿದರೆ ಸರಿಹೋಗುತ್ತದೆ ಎಂದ. ಒಳಗೆ ಸುಮಾರು 1.3 ಟಿಬಿ ಇದೆಯಂತೆ. ಏನನ್ನೂ ಕಳೆದುಕೊಳ್ಳದೆ ಬದಲಾಯಿಸುವ ದಾರಿ ಇದೆಯೇ? ನನಗೆ ಕಂಪ್ಯೂಟರ್ ಜ್ಞಾನ ಶಾಲೆಯ ಅಂಕಪಟ್ಟಿ ತಯಾರಿಸುವಷ್ಟು ಮಾತ್ರ. ದಯವಿಟ್ಟು ಬಿಡಿಸಿ ಹೇಳಿ.

ಕ್ಯಾಮೆರಾ ಹೆಗಲು · ಭಾನುವಾರ, ಸಂಜೆ 6.42

ಅಕ್ಕ, ಮೊದಲು ಡಿಸ್ಕನ್ನು ಲ್ಯಾಪ್‌ಟಾಪ್‌ನಿಂದ ತೆಗೆದಿಡಿ. ಉಳಿದದ್ದು ಆಮೇಲೆ.

ನಾನು ಹಾಸನದಲ್ಲಿ ಮದುವೆ ವಿಡಿಯೊ ಮಾಡುವವನು. ಆರು ವರ್ಷದ ಹಿಂದೆ ಇದೇ ಪ್ರಶ್ನೆ ನನ್ನ ಪರದೆಯ ಮೇಲೂ ಬಂತು, ನಾನು ‘ಸರಿ’ ಒತ್ತಿದೆ. ಹನ್ನೊಂದು ಮದುವೆಗಳ ಮೂಲ ದೃಶ್ಯಗಳು ಆ ಡಿಸ್ಕಿನಲ್ಲಿದ್ದವು. ತ್ವರಿತ ಫಾರ್ಮ್ಯಾಟ್ ಆದದ್ದರಿಂದ ದತ್ತಾಂಶ ಪೂರ್ತಿ ಅಳಿದಿರಲಿಲ್ಲ, ನಿಜ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಓಡಿಸಿ ಚಿತ್ರಗಳನ್ನು ಬಹುಪಾಲು ಮರಳಿ ಪಡೆದೆ. ಆದರೆ ಹೆಸರಿಲ್ಲ, ಫೋಲ್ಡರ್ ಇಲ್ಲ, ಯಾವ ಮದುವೆಯ ಚಿತ್ರ ಯಾವುದು ಎಂದು ಮುಖ ನೋಡಿಯೇ ಬೇರ್ಪಡಿಸಬೇಕಾಯಿತು. ದೊಡ್ಡ ವಿಡಿಯೊಗಳಲ್ಲಿ ಅರ್ಧದಷ್ಟು ತೆರೆಯಲೇ ಇಲ್ಲ, ಏಕೆಂದರೆ ಅವು ಡಿಸ್ಕಿನಲ್ಲಿ ತುಂಡು ತುಂಡಾಗಿ ಬೇರೆಬೇರೆ ಕಡೆ ಕುಳಿತಿದ್ದವು. ಒಬ್ಬ ಹುಡುಗಿಯ ಅಜ್ಜಿ ಮದುವೆಯಾದ ತಿಂಗಳಲ್ಲೇ ತೀರಿಕೊಂಡಿದ್ದರು. ಅವರು ಮಾತನಾಡಿದ ಏಕೈಕ ವಿಡಿಯೊ ಅದರಲ್ಲಿತ್ತು. ಅದು ಸಿಗಲಿಲ್ಲ. ಇವತ್ತಿಗೂ ಆ ಮನೆಯ ಮುಂದೆ ಹೋಗುವಾಗ ನನಗೆ ಕಷ್ಟವಾಗುತ್ತದೆ.

ವಿಂಡೋಸ್ ಹಾಗೆ ಕೇಳಿದ್ದರ ಅರ್ಥ ಡಿಸ್ಕ್ ಕೆಟ್ಟಿದೆ ಎಂದಲ್ಲ. ಅದಕ್ಕೆ ಆ ಲಿಪಿ ಓದಲು ಬರುವುದಿಲ್ಲ, ಅಷ್ಟೇ. ನಿಮ್ಮ ಅಪ್ಪಯ್ಯನ ಧ್ವನಿ ಅಲ್ಲೇ ಇದೆ.

ಮರಳುನಾಡಿನಿಂದ · ಭಾನುವಾರ, ರಾತ್ರಿ 8.05

ದುಬೈಯಿಂದ ಬರೆಯುತ್ತಿದ್ದೇನೆ. ವಿಂಡೋಸ್‌ನಲ್ಲಿ ‘ಕನ್ವರ್ಟ್’ ಎಂಬ ಆಜ್ಞೆ ಇದೆ. ನಾನೇ ಒಮ್ಮೆ ಪೆನ್‌ಡ್ರೈವ್‌ನ ಫೈಲ್ ಸಿಸ್ಟಂ ಬದಲಾಯಿಸಿದ್ದೇನೆ, ಒಂದು ಫೈಲ್ ಕೂಡ ಹೋಗಲಿಲ್ಲ. ಫಾರ್ಮ್ಯಾಟ್ ಏಕೆ ಮಾಡಬೇಕು?

ತುಂಗೆಯ ರಿಪೇರಿ ಅಂಗಡಿ · ಭಾನುವಾರ, ರಾತ್ರಿ 8.31

ಸರ್, ನೀವು ಹೇಳುವ ಆಜ್ಞೆ ಇರುವುದು ನಿಜ. ಆದರೆ ಅದು ಫ್ಯಾಟ್ ಕುಟುಂಬದ ಹಳೆಯ ರೂಪಗಳಿಂದ ವಿಂಡೋಸ್‌ನ ಸ್ವಂತ ರೂಪವಾದ ಎನ್‌ಟಿಎಫ್‌ಎಸ್‌ಗೆ ಮಾತ್ರ ಒಯ್ಯುತ್ತದೆ. ಅದೂ ಒಂದೇ ದಿಕ್ಕು, ವಾಪಸ್ ಬರುವ ದಾರಿ ಇಲ್ಲ. ಎಕ್ಸ್‌ಫ್ಯಾಟ್ ಅದರ ಪಟ್ಟಿಯಲ್ಲೇ ಇಲ್ಲ. ಮ್ಯಾಕ್‌ನ ಡಿಸ್ಕನ್ನಂತೂ ಅದು ಗುರುತೇ ಹಿಡಿಯುವುದಿಲ್ಲ.

ತಾಯಿ, ನಿಮ್ಮ ಪ್ರಶ್ನೆಗೆ ನೇರ ಉತ್ತರ: ಇದ್ದ ಜಾಗದಲ್ಲೇ ಬದಲಾಯಿಸಲು ಆಗುವುದಿಲ್ಲ. ಫಾರ್ಮ್ಯಾಟ್ ಎಂದರೆ ಮನೆಯ ಗೋಡೆಗೆ ಬಣ್ಣ ಬದಲಾಯಿಸುವುದಲ್ಲ, ಮನೆ ಖಾಲಿ ಮಾಡಿ ಒಳಗೋಡೆಗಳನ್ನೆಲ್ಲ ಹೊಸದಾಗಿ ಕಟ್ಟುವುದು. ಆದ್ದರಿಂದ ಮೊದಲು ಸಾಮಾನನ್ನು ಇನ್ನೊಂದು ಕಡೆ ಸಾಗಿಸಬೇಕು. ಇನ್ನೊಂದು 2 ಟಿಬಿ ಡಿಸ್ಕ್ ಕೊಳ್ಳಿ. ಖರ್ಚಾಗುತ್ತದೆ ಎಂದು ಬೇಸರಿಸಬೇಡಿ, ಮೂವತ್ತು ವರ್ಷದ ದುಡಿಮೆ ಇಷ್ಟು ದಿನ ಒಂದೇ ಡಿಸ್ಕಿನ ಮೇಲೆ ನಿಂತಿತ್ತು ಎಂಬುದೇ ನನಗೆ ಭಯ ಹುಟ್ಟಿಸುತ್ತಿದೆ. ಶಿವಮೊಗ್ಗದ ನನ್ನ ಅಂಗಡಿಗೆ ವಾರಕ್ಕೊಬ್ಬರಾದರೂ ಸತ್ತ ಡಿಸ್ಕ್ ಹಿಡಿದು ಬರುತ್ತಾರೆ, ‘ಬೇರೆ ಪ್ರತಿ ಇದೆಯೇ’ ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ.

ಹೊಸ ಡಿಸ್ಕ್ ಬಂದ ಮೇಲೆ ಮುಂದಿನ ಮಾತು. ಅಲ್ಲಿಯವರೆಗೆ ಹಳೆಯದನ್ನು ಮುಟ್ಟಬೇಡಿ.

ಪೆಂಗ್ವಿನ್ ಪ್ರಿಯ · ಭಾನುವಾರ, ರಾತ್ರಿ 10.20

ಮ್ಯಾಕ್ ಇಲ್ಲದೆಯೂ ಆ ಡಿಸ್ಕನ್ನು ಓದಬಹುದು. ಎಲ್ಲರೂ ಮಗ ಊರಿಗೆ ಬರಲಿ ಎಂದು ಕಾಯಲು ಹೇಳುತ್ತಾರೇನೋ ಎಂದು ಈಗಲೇ ಬರೆಯುತ್ತಿದ್ದೇನೆ.

2014ರಲ್ಲಿ ಫಾರ್ಮ್ಯಾಟ್ ಆದ ಮ್ಯಾಕ್ ಡಿಸ್ಕ್ ಎಂದರೆ ಅದರ ಫೈಲ್ ಸಿಸ್ಟಂ ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಆಗಿರಲೇಬೇಕು. ಆಪಲ್‌ನ ಹೊಸ ಎಪಿಎಫ್‌ಎಸ್ ಮ್ಯಾಕ್‌ಗಳಿಗೆ ಬಂದದ್ದು 2017ರ ಹೈ ಸಿಯೆರಾದೊಂದಿಗೆ. ಇದು ನಿಮ್ಮ ಅದೃಷ್ಟ. ಎಚ್‌ಎಫ್‌ಎಸ್ ಪ್ಲಸ್ 1998ರಷ್ಟು ಹಳೆಯದು, ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್‌ಗೆ ಅದನ್ನು ಓದಲು ಚೆನ್ನಾಗಿ ಬರುತ್ತದೆ. ಎಪಿಎಫ್‌ಎಸ್ ಆಗಿದ್ದರೆ ಇಷ್ಟು ಸುಲಭವಿರಲಿಲ್ಲ.

ಒಂದು 8 ಜಿಬಿ ಪೆನ್‌ಡ್ರೈವ್‌ಗೆ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಹಾಕಿ, ಲ್ಯಾಪ್‌ಟಾಪನ್ನು ಅದರಿಂದ ಶುರು ಮಾಡಿ. ‘ಬಳಸಿ ನೋಡಿ’ ಮತ್ತು ‘ಇನ್‌ಸ್ಟಾಲ್ ಮಾಡಿ’ ಎಂಬ ಎರಡು ಆಯ್ಕೆ ಬರುತ್ತವೆ. ಮೊದಲನೆಯದನ್ನೇ ಆರಿಸಿಕೊಳ್ಳಿ. ಆಗ ನಿಮ್ಮ ವಿಂಡೋಸ್‌ಗೆ ಏನೂ ಆಗುವುದಿಲ್ಲ, ಪೆನ್‌ಡ್ರೈವ್ ತೆಗೆದರೆ ಎಲ್ಲವೂ ಮೊದಲಿನಂತೆ. ಇನ್ನೊಂದು ಒಳ್ಳೆಯ ವಿಷಯ: ಜರ್ನಲ್ (ಬದಲಾವಣೆಗಳ ದಿನಚರಿ) ಇರುವ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕನ್ನು ಲಿನಕ್ಸ್ ಓದುವುದಕ್ಕೆ ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ಕೈತಪ್ಪಿ ಏನನ್ನಾದರೂ ಅಳಿಸಿಬಿಡುತ್ತೇನೆಯೇ ಎಂಬ ಹೆದರಿಕೆ ಬೇಡ.

ಎಚ್ಚರಿಕೆ ಒಂದಿದೆ. ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದು, ಆರಂಭದ ಸೆಟ್ಟಿಂಗ್‌ಗಳನ್ನು ಬದಲಾಯಿಸಿದರೆ, ವಿಂಡೋಸ್ ಮತ್ತೆ ತೆರೆಯುವಾಗ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಸೌಪರ್ಣಿಕಾ ತೀರ · ಸೋಮವಾರ, ಬೆಳಿಗ್ಗೆ 7.15

ರಾತ್ರಿ ಎಲ್ಲ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಡಿಸ್ಕ್ ಕೆಟ್ಟಿಲ್ಲ ಎಂಬ ಒಂದು ಮಾತಿಗೇ ನಿದ್ದೆ ಬಂತು. ಹೊಸ ಡಿಸ್ಕ್ ಇವತ್ತೇ ತರುತ್ತೇನೆ. ಆದರೆ ಅದನ್ನು ಯಾವ ರೂಪದಲ್ಲಿ ಇಡಬೇಕು? ಮಗ ಎಕ್ಸ್‌ಫ್ಯಾಟ್ ಎನ್ನುತ್ತಾನೆ, ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು ಫ್ಯಾಟ್32 ಎನ್ನುತ್ತಾರೆ, ಟಿವಿಗೆ ಅದೇ ಒಳ್ಳೆಯದಂತೆ.

ಕ್ಯಾಮೆರಾ ಹೆಗಲು · ಸೋಮವಾರ, ಬೆಳಿಗ್ಗೆ 8.50

ಫ್ಯಾಟ್32 ಬೇಡವೇ ಬೇಡ. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಸಾಧಾರಣ ಗುಣಮಟ್ಟದ ವಿಡಿಯೊ ಸೆಕೆಂಡಿಗೆ 1 ಎಂಬಿ ತಿನ್ನುತ್ತದೆ ಎಂದುಕೊಳ್ಳಿ, ಒಂದು ಗಂಟೆ ಹನ್ನೊಂದು ನಿಮಿಷಕ್ಕೆ 4 ಜಿಬಿ ತುಂಬಿತು. ತಾಳಮದ್ದಳೆಯಲ್ಲಿ ಒಬ್ಬ ಅರ್ಥಧಾರಿಯ ಪೀಠಿಕೆಯೇ ಅಷ್ಟು ಹೊತ್ತು ಹೋಗಬಹುದಲ್ಲ! ಕ್ಯಾಮೆರಾಗಳು ವಿಡಿಯೊವನ್ನು ಮಧ್ಯದಲ್ಲಿ ಕತ್ತರಿಸಿ ಎರಡು ಮೂರು ಫೈಲ್ ಮಾಡುತ್ತಿದ್ದದ್ದೂ ಇದೇ ಕಾರಣಕ್ಕೆ. 32 ಜಿಬಿವರೆಗಿನ ಕಾರ್ಡ್‌ಗಳು ಫ್ಯಾಟ್32, ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್.

ನನ್ನ ಮತ ಎಕ್ಸ್‌ಫ್ಯಾಟ್‌ಗೆ. ವಿಂಡೋಸ್, ಮ್ಯಾಕ್ ಎರಡೂ ಓದುತ್ತವೆ, ಎರಡೂ ಬರೆಯುತ್ತವೆ. ಮಗ ಊರಿಗೆ ಬಂದಾಗ ತೊಂದರೆಯಾಗುವುದಿಲ್ಲ.

ತುಂಗೆಯ ರಿಪೇರಿ ಅಂಗಡಿ · ಸೋಮವಾರ, ಬೆಳಿಗ್ಗೆ 10.05

ನಾನು ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ.

ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲ್ ಇಲ್ಲ. ಜರ್ನಲ್ ಎಂದರೆ ‘ಈಗ ಈ ಬದಲಾವಣೆ ಮಾಡಲಿದ್ದೇನೆ’ ಎಂದು ಕೆಲಸಕ್ಕೆ ಮೊದಲು ಬರೆದಿಡುವ ದಿನಚರಿ. ಮಧ್ಯದಲ್ಲಿ ಕರೆಂಟ್ ಹೋದರೆ, ಯಾರಾದರೂ ಕೇಬಲ್ ಎಳೆದರೆ, ಮುಂದಿನ ಸಲ ಆ ದಿನಚರಿ ನೋಡಿ ಫೈಲ್ ಸಿಸ್ಟಂ ತನ್ನ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತದೆ. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್‌ಗೆ ಇದು ಇದೆ. ಬರೆಯುತ್ತಿದ್ದ ಫೈಲ್ ಹಾಳಾಗಬಹುದು, ಆದರೆ ಇಡೀ ಡಿಸ್ಕಿನ ಪಟ್ಟಿ ಕಲಸಿಹೋಗುವುದು ತೀರಾ ಕಡಿಮೆ. ಎಕ್ಸ್‌ಫ್ಯಾಟ್‌ಗೆ ಆ ರಕ್ಷಣೆ ಇಲ್ಲ. ಮಳೆಗಾಲದಲ್ಲಿ ಕರಾವಳಿ ಮಲೆನಾಡಿನಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಎಂದು ಈ ತಾಯಿಗೆ ನಾನು ಹೇಳಬೇಕಾಗಿಲ್ಲ. ಟಿವಿಗೆ ಜೋಡಿಸಿದ ಡಿಸ್ಕನ್ನು ಮನೆಯಲ್ಲಿ ಯಾರೂ ‘ಸುರಕ್ಷಿತವಾಗಿ ತೆಗೆ’ ಎಂದು ಒತ್ತಿ ತೆಗೆಯುವುದಿಲ್ಲ.

ಇನ್ನೂ ಒಂದು. ದೊಡ್ಡ ಡಿಸ್ಕಿನಲ್ಲಿ ವಿಂಡೋಸ್ ಎಕ್ಸ್‌ಫ್ಯಾಟ್‌ಗೆ ತಾನಾಗಿ ಆರಿಸುವ ಕ್ಲಸ್ಟರ್ (ಒಂದು ಫೈಲಿಗೆ ಕೊಡುವ ಕನಿಷ್ಠ ಜಾಗ) 128 ಕೆಬಿ. ಅಂದರೆ 2 ಕೆಬಿಯ ಟಿಪ್ಪಣಿಯೂ 128 ಕೆಬಿ ಜಾಗ ಹಿಡಿಯುತ್ತದೆ. ದೊಡ್ಡ ವಿಡಿಯೊಗಳಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಒಂದು ಲಕ್ಷ ಸಣ್ಣ ಫೈಲ್ ಇದ್ದರೆ 13 ಜಿಬಿ ಹೋಯಿತು.

ಮಗ ವರ್ಷಕ್ಕೊಮ್ಮೆ ಬರುತ್ತಾರೆ. ಮ್ಯಾಕ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ಬರೆಯುವುದಿಲ್ಲ ಅಷ್ಟೇ. ಅವರಿಗೆ ಬೇಕಾದ್ದು ಅಜ್ಜನ ಧ್ವನಿ ಕೇಳುವುದು, ಅದಕ್ಕೆ ಓದಿದರೆ ಸಾಕು. ವರ್ಷವಿಡೀ ಡಿಸ್ಕ್ ಬಳಸುವವರು ಯಾರೋ ಅವರಿಗೆ ಹೊಂದುವ ರೂಪ ಆರಿಸಬೇಕು.

ಮರಳುನಾಡಿನಿಂದ · ಸೋಮವಾರ, ಮಧ್ಯಾಹ್ನ 1.30

ಕನ್ವರ್ಟ್ ವಿಷಯ ತಿಳಿಸಿದ್ದಕ್ಕೆ ಧನ್ಯವಾದ, ನಾನು ಮಾಡಿದ್ದು ಫ್ಯಾಟ್32 ಪೆನ್‌ಡ್ರೈವ್ ಎಂದು ಈಗ ನೆನಪಾಯಿತು. ಆದರೆ ಟಿವಿಯನ್ನು ಯಾರೂ ಗಮನಿಸುತ್ತಿಲ್ಲ. ಇಲ್ಲಿನ ನನ್ನ ಟಿವಿ ಎಕ್ಸ್‌ಫ್ಯಾಟ್ ಓದುತ್ತದೆ, ಊರಿನ ಅಮ್ಮನ ಮನೆಯ ಟಿವಿ ಓದುವುದಿಲ್ಲ. ಎರಡೂ ಒಂದೇ ಕಂಪನಿಯವು.

ಗ್ರಂಥಾಲಯದ ಮೂಲೆ · ಸೋಮವಾರ, ಮಧ್ಯಾಹ್ನ 3.12

ಎಕ್ಸ್‌ಫ್ಯಾಟ್ ಮೈಕ್ರೋಸಾಫ್ಟ್‌ನ ಸ್ವತ್ತು. 2006ರಲ್ಲಿ ಬಂದ ಮೇಲೆ ಬಹುಕಾಲ, ಅದನ್ನು ತಮ್ಮ ಸಾಧನದಲ್ಲಿ ಅಳವಡಿಸುವ ತಯಾರಕರು ಪರವಾನಗಿ ಪಡೆಯಬೇಕಿತ್ತು. 2019ರ ಆಗಸ್ಟ್‌ನಲ್ಲಷ್ಟೇ ಕಂಪನಿ ಅದರ ತಾಂತ್ರಿಕ ವಿವರಣೆಯನ್ನು ಬಹಿರಂಗಪಡಿಸಿತು, ಅದೇ ವರ್ಷ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ 5.4ನೇ ಆವೃತ್ತಿಗೂ ಅದು ಸೇರಿತು. ಹಳೆಯ ಟಿವಿಗಳ ನಡವಳಿಕೆ ಒಂದೊಂದು ಬಗೆಯಲ್ಲಿ ಇರುವುದಕ್ಕೆ ಇದೂ ಒಂದು ಕಾರಣ.

ಅಮ್ಮ, ವಾದದಿಂದ ಇದು ಬಗೆಹರಿಯುವುದಿಲ್ಲ. ಮನೆಯಲ್ಲಿರುವ ಹಳೆಯ ಪೆನ್‌ಡ್ರೈವ್ ಒಂದನ್ನು ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ, ಒಂದು ಹಾಡು ಹಾಕಿ ಟಿವಿಗೆ ಚುಚ್ಚಿ ನೋಡಿ. ಆಮೇಲೆ ಅದನ್ನೇ ಎನ್‌ಟಿಎಫ್‌ಎಸ್ ಮಾಡಿ ಮತ್ತೊಮ್ಮೆ ನೋಡಿ. ಹತ್ತು ನಿಮಿಷದ ಕೆಲಸ. 1.3 ಟಿಬಿ ತುಂಬಿದ ಮೇಲೆ ಟಿವಿ ಓದುವುದಿಲ್ಲ ಎಂದು ತಿಳಿಯುವುದಕ್ಕಿಂತ ಇದು ಮೇಲು.

ಧಾರವಾಡದಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಕಾಯುವ ಕೆಲಸ ನನ್ನದು, ಅದಕ್ಕೇ ಇನ್ನೊಂದು ಮಾತು ಕೇಳುತ್ತೇನೆ. ಫೈಲ್‌ಗಳಿಗೆ ಕನ್ನಡದಲ್ಲಿ ಹೆಸರಿಟ್ಟಿದ್ದೀರಾ?

ಸೌಪರ್ಣಿಕಾ ತೀರ · ಸೋಮವಾರ, ರಾತ್ರಿ 9.00

ನೋಡಿದೆ ಸರ್. ಟಿವಿ ಎಕ್ಸ್‌ಫ್ಯಾಟ್ ಪೆನ್‌ಡ್ರೈವನ್ನು ‘ಬೆಂಬಲವಿಲ್ಲದ ಸಾಧನ’ ಎಂದಿತು. ಎನ್‌ಟಿಎಫ್‌ಎಸ್ ಮಾಡಿ ಹಾಕಿದೆ, ತಕ್ಷಣ ಹಾಡಿತು. ಮಗನಿಗೆ ಹೇಳಿದೆ, ಅವನೂ ಒಪ್ಪಿದ. ಹಾಗಾಗಿ ಎನ್‌ಟಿಎಫ್‌ಎಸ್ ಎಂದು ತೀರ್ಮಾನಿಸಿದೆ.

ಹೌದು, ಹೆಸರುಗಳೆಲ್ಲ ಕನ್ನಡದಲ್ಲೇ ಇವೆ. ಊರು, ಪ್ರಸಂಗ, ಭಾಗವತರು, ಅರ್ಥಧಾರಿಗಳು, ದಿನಾಂಕ. ಅಪ್ಪಯ್ಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಂತೆಯೇ ಮಗ ಟೈಪ್ ಮಾಡಿದ್ದ.

ಗ್ರಂಥಾಲಯದ ಮೂಲೆ · ಸೋಮವಾರ, ರಾತ್ರಿ 10.35

ಬಹಳ ಸಂತೋಷ. ಆದರೆ ಕನ್ನಡದ ಹೆಸರುಗಳಿಗೆ ಫೈಲ್ ಸಿಸ್ಟಂ ಬದಲಾಗುವಾಗ ಆಗುವ ಎರಡು ತೊಂದರೆಗಳನ್ನು ತಿಳಿದಿರಬೇಕು. ಇಂಗ್ಲಿಷ್‌ನಲ್ಲಿ ಬರೆದ ಮಾರ್ಗದರ್ಶಿಗಳಲ್ಲಿ ಇವು ಕಾಣುವುದಿಲ್ಲ, ನಾನು ಕೈಸುಟ್ಟುಕೊಂಡೇ ಕಲಿತದ್ದು.

ಒಂದು: ಎಚ್‌ಎಫ್‌ಎಸ್ ಪ್ಲಸ್ ಹೆಸರನ್ನು ನಾವು ಟೈಪ್ ಮಾಡಿದಂತೆ ಇಡುವುದಿಲ್ಲ, ಅಕ್ಷರಗಳನ್ನು ಬಿಡಿಸಿ ಇಡುತ್ತದೆ. ‘ಕೋಟ’ ಎಂದು ಬರೆದರೆ ಸಾಮಾನ್ಯವಾಗಿ ಅದು ಮೂರು ಸಂಕೇತ: ಕ, ಓಕಾರದ ಚಿಹ್ನೆ, ಟ. ಎಚ್‌ಎಫ್‌ಎಸ್ ಪ್ಲಸ್ ಆ ಓಕಾರವನ್ನು ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರಾಗಿ ಒಡೆಯುತ್ತದೆ. ಹೀಗೆ ಒಟ್ಟು ಐದು ಸಂಕೇತ. ಈಕಾರ, ಏಕಾರ, ಐಕಾರ, ಒಕಾರಗಳಿಗೂ ಇದೇ ಗತಿ. ಕಣ್ಣಿಗೆ ಎರಡೂ ‘ಕೋಟ’ವೇ. ಕಂಪ್ಯೂಟರ್‌ಗೆ ಮಾತ್ರ ಎರಡು ಬೇರೆಬೇರೆ ಹೆಸರು. ಪ್ರತಿ ಮಾಡುವ ವಿಧಾನವನ್ನು ಅವಲಂಬಿಸಿ ಈ ಒಡೆದ ರೂಪವೇ ಹೊಸ ಡಿಸ್ಕಿಗೂ ಬರಬಹುದು. ಆಗ ವಿಂಡೋಸ್‌ನಲ್ಲಿ ‘ಕೋಟ’ ಎಂದು ಟೈಪ್ ಮಾಡಿ ಹುಡುಕಿದರೆ ಎದುರಿಗಿರುವ ಫೈಲ್ ಸಿಗದೆ ಹೋಗಬಹುದು. ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎರಡು ಫೈಲ್ ಕಂಡರೂ ದಿಗಿಲಾಗಬೇಡಿ, ಒಂದನ್ನು ಅಳಿಸಲೂ ಹೋಗಬೇಡಿ.

ಎರಡು: ಹೆಸರಿನ ಉದ್ದ. ಎನ್‌ಟಿಎಫ್‌ಎಸ್‌ನಲ್ಲಿ 255 ಸಂಕೇತಗಳವರೆಗೆ ಇರಬಹುದು, ಅದು ಧಾರಾಳವಾಯಿತು. ಲಿನಕ್ಸ್‌ನ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂನಲ್ಲಿ ಮಿತಿ 255 ಬೈಟ್. ಕನ್ನಡದ ಪ್ರತಿ ಸಂಕೇತವೂ ಅಲ್ಲಿ 3 ಬೈಟ್ ಹಿಡಿಯುತ್ತದೆ, ಅಂದರೆ 85ಕ್ಕೆ ಮುಗಿಯಿತು. ಒತ್ತಕ್ಷರವೂ ಅದನ್ನು ಜೋಡಿಸುವ ಕಣ್ಣಿಗೆ ಕಾಣದ ಅರ್ಧಾಕ್ಷರದ ಚಿಹ್ನೆಯೂ ಲೆಕ್ಕಕ್ಕೆ ಬರುವುದರಿಂದ ‘ತಾಳಮದ್ದಳೆ’ ಒಂದೇ ಪದ 27 ಬೈಟ್. ಇಂಗ್ಲಿಷ್‌ನವರಿಗೆ ಎಂದೂ ತಟ್ಟದ ಈ ಮಿತಿ, ಅರ್ಥಧಾರಿಗಳ ಹೆಸರನ್ನೆಲ್ಲ ಸೇರಿಸಿ ಬರೆಯುವ ನಮ್ಮಂಥವರಿಗೆ ಬೇಗ ತಟ್ಟುತ್ತದೆ. ನೀವು ಎನ್‌ಟಿಎಫ್‌ಎಸ್ ಆರಿಸಿದ್ದರಿಂದ ಈ ಭಯ ಇಲ್ಲ. ಮುಂದೆ ಯಾರಾದರೂ ಲಿನಕ್ಸ್ ಡಿಸ್ಕಿಗೆ ಹಾಕಿಕೊಡುತ್ತೇನೆ ಎಂದರೆ ನೆನಪಿಡಿ.

ಪೆಂಗ್ವಿನ್ ಪ್ರಿಯ · ಮಂಗಳವಾರ, ಬೆಳಿಗ್ಗೆ 6.40

ದಿನಾಂಕ ಎಂದಿರಲ್ಲ, ಅದನ್ನು ಹೇಗೆ ಬರೆದಿದ್ದಾರೆ? 12/3/2009 ಎಂದು ಓರೆಗೆರೆ ಹಾಕಿ ಬರೆದಿದ್ದರೆ ಅಲ್ಲೊಂದು ತೊಡಕಿದೆ. ಮ್ಯಾಕ್‌ನ ಫೈಂಡರ್ ಹೆಸರಿನಲ್ಲಿ ಓರೆಗೆರೆಯನ್ನು ಒಪ್ಪುತ್ತದೆ. ಲಿನಕ್ಸ್‌ನಲ್ಲಿ ಅದೇ ಫೈಲ್ ತೆರೆದರೆ ಓರೆಗೆರೆಯ ಜಾಗದಲ್ಲಿ ಎರಡು ಚುಕ್ಕಿಗಳ ವಿವರಣ ಚಿಹ್ನೆ ಕಾಣುತ್ತದೆ. ಲಿನಕ್ಸ್ ಆ ಹೆಸರನ್ನು ಹಾಗೆಯೇ ಎನ್‌ಟಿಎಫ್‌ಎಸ್ ಡಿಸ್ಕಿಗೂ ಬರೆದುಬಿಡಬಹುದು. ಆದರೆ ವಿಂಡೋಸ್ ಆ ಚಿಹ್ನೆಯನ್ನು ಹೆಸರಿನಲ್ಲಿ ಒಪ್ಪುವುದಿಲ್ಲ. ಫೈಲ್ ಇರುತ್ತದೆ, ತೆರೆಯಲು ಬರುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಜೋಡಿ ಉದ್ಧರಣ ಚಿಹ್ನೆಗಳಿಗೂ ಇದೇ ನಿಯಮ.

ಹಾಗಾದರೆ ಗಾಬರಿಯಾಗದೆ, ಮತ್ತೆ ಉಬುಂಟು ತೆರೆದು ಹೊಸ ಡಿಸ್ಕಿನಲ್ಲಿ ಆ ಹೆಸರುಗಳನ್ನು ಬದಲಾಯಿಸಿದರೆ ಸಾಕು.

ತುಂಗೆಯ ರಿಪೇರಿ ಅಂಗಡಿ · ಮಂಗಳವಾರ, ಬೆಳಿಗ್ಗೆ 9.30

ಪ್ರತಿ ಮಾಡಲು ಕೂರುವ ಮೊದಲು ನನ್ನದೆರಡು ಮಾತು.

ಹಳೆಯ ಡಿಸ್ಕಿನ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ವಿಂಡೋಸ್‌ನಲ್ಲೇ ಓಡುತ್ತದೆ, ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಅಗತ್ಯವಿಲ್ಲ. ಫಾರ್ಮ್ಯಾಟ್ ಪ್ರಶ್ನೆ ಬಂದರೆ ‘ರದ್ದು’ ಒತ್ತಿ. ‘ರೀಅಲೊಕೇಟೆಡ್’ (ಕೆಟ್ಟದ್ದಕ್ಕೆ ಬದಲಿ ಕೊಟ್ಟ) ಮತ್ತು ‘ಪೆಂಡಿಂಗ್’ (ಓದಲು ತೊಡಕಾಗುತ್ತಿರುವ) ಸೆಕ್ಟರ್ ಎಂಬ ಎರಡು ಸಾಲುಗಳಲ್ಲಿ ಸೊನ್ನೆ ಇದ್ದರೆ ಒಳ್ಳೆಯದು. ಎರಡನೆಯದರಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ತಡಮಾಡದೆ ಪ್ರತಿ ಮಾಡಿ, ಅದರಲ್ಲೂ ಇನ್ನೊಂದು ಕಡೆ ಎಲ್ಲಿಯೂ ಇಲ್ಲದ ಕ್ಯಾಸೆಟ್ ಧ್ವನಿಗಳನ್ನು ಮೊದಲು. ಕಟಕಟ ಶಬ್ದ ಬಂದರೆ ಮಾತ್ರ ತಕ್ಷಣ ನಿಲ್ಲಿಸಿ ಇಲ್ಲಿ ಬರೆಯಿರಿ.

ಡಿಸ್ಕನ್ನು ಲ್ಯಾಪ್‌ಟಾಪ್‌ನ ನೀಲಿ ಬಣ್ಣದ ಯುಎಸ್‌ಬಿ ಕಿಂಡಿಗೆ ಹಾಕಿ. ಹಳೆಯ ಕಿಂಡಿಯಲ್ಲಿ ಸೆಕೆಂಡಿಗೆ 35 ಎಂಬಿ ಸಿಕ್ಕರೆ ಹೆಚ್ಚು, 1.3 ಟಿಬಿಗೆ ಹತ್ತು ಗಂಟೆ ಬೇಕು. ನೀಲಿ ಕಿಂಡಿಯಲ್ಲಿ 100 ಎಂಬಿ ಸಿಕ್ಕರೆ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಈಗಿನ ಸಣ್ಣ ಡಿಸ್ಕ್‌ಗಳಲ್ಲಿ ಹಲವು, ಹಂಚಿನ ಸಾಲಿನಂತೆ ಒಂದರ ಮೇಲೊಂದು ಹೊದಿಸಿ ಬರೆಯುವ ಬಗೆಯವು. ಒಂದೇ ಸಮನೆ ಬರೆಯುತ್ತಾ ಹೋದರೆ ವೇಗ ಕುಸಿಯುತ್ತದೆ. ನಿಧಾನವಾಯಿತೆಂದು ಕೇಬಲ್ ಎಳೆಯಬೇಡಿ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಜೋಡಿಸಿರಲಿ, ನಿದ್ದೆಗೆ ಹೋಗದಂತೆ ಸೆಟ್ಟಿಂಗ್ ಮಾಡಿ.

ಸೌಪರ್ಣಿಕಾ ತೀರ · ಗುರುವಾರ, ರಾತ್ರಿ 8.20

ಎರಡು ದಿನದ ವರದಿ.

ಹಳೆಯ ಡಿಸ್ಕಿನ ‘ಪೆಂಡಿಂಗ್’ ಸಾಲಿನಲ್ಲಿ 8 ಇತ್ತು. ನೋಡಿದ ಕೂಡಲೇ ಕೈ ತಣ್ಣಗಾಯಿತು. ನೀವು ಹೇಳಿದಂತೆ ಕ್ಯಾಸೆಟ್ ಫೋಲ್ಡರನ್ನೇ ಮೊದಲು ಎತ್ತಿಕೊಂಡೆ. ಉಬುಂಟು ಪೆನ್‌ಡ್ರೈವನ್ನು ಪಕ್ಕದ ಮನೆಯ ಇಂಜಿನಿಯರಿಂಗ್ ಓದುವ ಹುಡುಗ ಮಾಡಿಕೊಟ್ಟ. ಹಳೆಯ ಡಿಸ್ಕ್ ಜೋಡಿಸಿ ಐದಾರು ಸೆಕೆಂಡು ಕಳೆದ ಮೇಲೆ ಫೋಲ್ಡರ್‌ಗಳು ಒಂದೊಂದಾಗಿ ಕಾಣಿಸಿಕೊಂಡವು. ಅಪ್ಪಯ್ಯ ಇಟ್ಟ ಹೆಸರುಗಳು. ಆ ಹುಡುಗನ ಎದುರಿಗೇ ಅತ್ತುಬಿಟ್ಟೆ.

ಒಟ್ಟು ಏಳು ಗಂಟೆ ಹಿಡಿಯಿತು. ಎರಡು ವಿಡಿಯೊಗಳು ಪ್ರತಿಯಾಗದೆ ದೋಷ ತೋರಿಸಿದವು. ಉಳಿದದ್ದೆಲ್ಲ ಬಂದಿದೆ. ಆಮೇಲೆ ವಿಂಡೋಸ್‌ನಲ್ಲಿ ತೆರೆದರೆ 46 ಫೈಲ್‌ಗಳು ತೆರೆಯಲಿಲ್ಲ. ನೋಡಿದರೆ ಎಲ್ಲವೂ ಓರೆಗೆರೆಯ ದಿನಾಂಕದವು! ಮತ್ತೆ ಉಬುಂಟುವಿನಲ್ಲಿ ಕುಳಿತು 46ನ್ನೂ ಒಂದೊಂದಾಗಿ ತಿದ್ದಿದೆ. ಈಗ ಎಲ್ಲವೂ ತೆರೆಯುತ್ತವೆ.

ಇನ್ನು ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಬಹುದೇ?

ಗ್ರಂಥಾಲಯದ ಮೂಲೆ · ಗುರುವಾರ, ರಾತ್ರಿ 9.10

ಇನ್ನೂ ಬೇಡ ಅಮ್ಮ. ಪ್ರತಿಯಾಯಿತು ಎಂದು ಕಂಪ್ಯೂಟರ್ ಹೇಳಿದೆ, ಸರಿಯಾಗಿ ಆಯಿತೇ ಎಂದು ನೀವು ನೋಡಿಲ್ಲ. ಮೊದಲು ಎರಡೂ ಕಡೆ ಫೈಲ್‌ಗಳ ಸಂಖ್ಯೆ, ಒಟ್ಟು ಬೈಟ್ ತಾಳೆ ನೋಡಿ. ಜಿಬಿಯಲ್ಲಿ ನೋಡಬೇಡಿ, ಮ್ಯಾಕ್ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ನಿಮ್ಮ 2 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 1.81 ಟಿಬಿ ಎಂದು ಕಾಣುವುದೂ ಅದಕ್ಕೇ. ಆಮೇಲೆ ಆ ಹುಡುಗನಿಗೆ ಹೇಳಿ ಪ್ರತಿ ಫೈಲಿನ ಶಾ256 ಮೊತ್ತವನ್ನು (ಫೈಲಿನ ಬೆರಳಚ್ಚಿನಂಥ ಸಂಕೇತ) ಎರಡೂ ಡಿಸ್ಕಿನಲ್ಲಿ ತೆಗೆದು ಹೋಲಿಸಲಿ. ಒಂದು ಬಿಟ್ ಬೇರೆಯಿದ್ದರೂ ಮೊತ್ತ ಬೇರೆಯಾಗುತ್ತದೆ. ರಾತ್ರಿ ಬಿಟ್ಟು ಮಲಗಿದರೆ ಬೆಳಿಗ್ಗೆ ಮುಗಿದಿರುತ್ತದೆ. ಹೊಸ ಡಿಸ್ಕಿನ ಪಟ್ಟಿಯನ್ನು ಒಂದು ಪಠ್ಯ ಫೈಲಿನಲ್ಲಿ ಉಳಿಸಿ ಡಿಸ್ಕಿನಲ್ಲೇ ಇಡಿ, ಐದು ವರ್ಷದ ಮೇಲೂ ಅದನ್ನಿಟ್ಟುಕೊಂಡು ಪರೀಕ್ಷಿಸಬಹುದು.

ಕೊನೆಗೆ, ಕಂಪ್ಯೂಟರ್ ಹೇಳಿದ್ದೆಲ್ಲ ಬದಿಗಿಟ್ಟು, ನಿಮಗೆ ಅತಿ ಪ್ರಿಯವಾದ ಹತ್ತು ಮುದ್ರಣಗಳನ್ನು ಹೊಸ ಡಿಸ್ಕಿನಿಂದ ಕೇಳಿ. ಆದಿಯಲ್ಲಿ, ನಡುವೆ, ಕೊನೆಯಲ್ಲಿ.

ತುಂಗೆಯ ರಿಪೇರಿ ಅಂಗಡಿ · ಗುರುವಾರ, ರಾತ್ರಿ 10.00

ಆ ಎರಡು ವಿಡಿಯೊಗಳ ಆಸೆ ಬಿಡಬೇಡಿ. ಡಿಡಿರೆಸ್ಕ್ಯೂ ಎಂಬ ಲಿನಕ್ಸ್ ತಂತ್ರಾಂಶ ಓದಲಾಗದ ಜಾಗವನ್ನು ದಾಟಿ ಮುಂದೆ ಹೋಗಿ, ಆಮೇಲೆ ಹಿಂದಿರುಗಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಒಂದೆರಡು ಸೆಕೆಂಡಿನ ದೃಶ್ಯ ಹರಿದರೂ ಉಳಿದದ್ದು ಸಿಗಬಹುದು. ಇದಾಗುವವರೆಗೂ ಹಳೆಯ ಡಿಸ್ಕಿಗೆ ಏನೂ ಬರೆಯಬಾರದು.

ಅದೆಲ್ಲ ಮುಗಿದ ಮೇಲೆ ಫಾರ್ಮ್ಯಾಟ್. ಮ್ಯಾಕ್ ಡಿಸ್ಕಿನ ಆರಂಭದಲ್ಲಿ 200 ಎಂಬಿಯ ಇಎಫ್‌ಐ ಎಂಬ ಸಣ್ಣ ವಿಭಾಗ ಒಂದಿರುತ್ತದೆ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಅದನ್ನು ಅಳಿಸಲು ಬಿಡುವುದಿಲ್ಲ. ಉಬುಂಟುವಿನ ‘ಡಿಸ್ಕ್ಸ್’ ತೆರೆದು, ಮೇಲ್ಭಾಗದ ಮೆನುವಿನಿಂದ ಇಡೀ ಡಿಸ್ಕನ್ನು ಫಾರ್ಮ್ಯಾಟ್ ಮಾಡಲು ಹೇಳಿ. ವಿಭಾಗ ಪಟ್ಟಿಗೆ (ಡಿಸ್ಕಿನ ಯಾವ ಭಾಗ ಎಲ್ಲಿದೆ ಎಂಬ ನಕ್ಷೆ) ಎಂಬಿಆರ್ ಎಂಬ ಹಳೆಯ ಬಗೆ ಆರಿಸಿ. ಹಳೆಯ ಟಿವಿಗಳಲ್ಲಿ ಕೆಲವಕ್ಕೆ ಹೊಸ ಬಗೆಯಾದ ಜಿಪಿಟಿ ತಿಳಿಯುವುದಿಲ್ಲ, ಮತ್ತು ಎಂಬಿಆರ್ ಮಿತಿಯೊಳಗೆ 2 ಟಿಬಿ ಡಿಸ್ಕ್ ಸರಿಯಾಗಿ ಹಿಡಿಸುತ್ತದೆ. ಆ ಹೊತ್ತಿನಲ್ಲಿ ಹೊಸ ಡಿಸ್ಕನ್ನು ತೆಗೆದು ಬೀರುವಿನಲ್ಲಿಡಿ. ಎರಡು ಡಿಸ್ಕ್ ಜೋಡಿಸಿಕೊಂಡು ತಪ್ಪಾದದ್ದನ್ನು ಅಳಿಸಿದವರನ್ನು ನಾನು ಬಹಳ ನೋಡಿದ್ದೇನೆ.

ಆಮೇಲೆ ವಿಂಡೋಸ್‌ನಲ್ಲಿ ಎನ್‌ಟಿಎಫ್‌ಎಸ್, ‘ಕ್ವಿಕ್’ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್. ವಿಸ್ಟಾ ಕಾಲದಿಂದ ಪೂರ್ತಿ ಫಾರ್ಮ್ಯಾಟ್ ಎಂದರೆ ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಯುವುದು. 2 ಟಿಬಿಗೆ ಐದಾರು ಗಂಟೆ ಬೇಕು. ಅದಾದ ಮೇಲೆ ಆ 8 ಏನಾಯಿತು ನೋಡಿ. ಏರಿದ್ದರೆ ಡಿಸ್ಕಿಗೆ ವಿಶ್ರಾಂತಿ ಕೊಡಿ. ಸೊನ್ನೆಗೆ ಇಳಿದಿದ್ದರೂ ಅದನ್ನು ಎರಡನೆಯ ಪ್ರತಿಗೆ ಮಾತ್ರ ಬಳಸಿ, ಒಂದೇ ಪ್ರತಿಗೆ ಎಂದೂ ಬೇಡ.

ಸೌಪರ್ಣಿಕಾ ತೀರ · ಮುಂದಿನ ಮಂಗಳವಾರ, ಸಂಜೆ 7.45

ಮೊತ್ತಗಳು ತಾಳೆಯಾದವು. ಎರಡು ವಿಡಿಯೊಗಳಲ್ಲಿ ಒಂದು ಪೂರ್ತಿ ಸಿಕ್ಕಿತು, ಇನ್ನೊಂದರಲ್ಲಿ ನಡುವೆ ಮೂರು ಸೆಕೆಂಡು ಚಿತ್ರ ಒಡೆಯುತ್ತದೆ, ಮಾತು ಕೇಳುತ್ತದೆ. ಪೂರ್ತಿ ಫಾರ್ಮ್ಯಾಟ್ ಆದ ಮೇಲೆ ಹಳೆಯ ಡಿಸ್ಕಿನ 8 ಸೊನ್ನೆಯಾಯಿತು. ಆದರೂ ನಿಮ್ಮ ಮಾತಿನಂತೆ ಇನ್ನೊಂದು ಹೊಸ ಡಿಸ್ಕ್ ತಂದು ಮಂಗಳೂರಿನ ತಮ್ಮನ ಮನೆಯಲ್ಲಿಟ್ಟಿದ್ದೇನೆ. ಹಳೆಯದು ಟಿವಿಯ ಪಕ್ಕದಲ್ಲಿದೆ.

ನಿನ್ನೆ ಅಮ್ಮನನ್ನು ಕೂರಿಸಿ ಟಿವಿಯಲ್ಲಿ ಹಾಕಿದೆ. ಅದೊಂದು ಮಳೆಗಾಲದ ಕೂಟ, ಹಂಚಿನ ಮೇಲೆ ಮಳೆ ಬೀಳುವ ಸದ್ದೂ ಇದೆ. ಆರಂಭದಲ್ಲಿ ಅಪ್ಪಯ್ಯ ಮೈಕಿನ ಹತ್ತಿರ ಬಾಗಿ ಊರು, ದಿನಾಂಕ ಹೇಳುತ್ತಾರೆ. ಅಮ್ಮ ಅಷ್ಟನ್ನೇ ನಾಲ್ಕು ಸಲ ಹಾಕಿಸಿದರು.

ಒಂದೇ ತೊಂದರೆ ಉಳಿದಿದೆ. ಟಿವಿಯಲ್ಲಿ ಫೈಲ್‌ಗಳ ಕನ್ನಡ ಹೆಸರು ಕಾಣುವುದಿಲ್ಲ, ಬರೀ ಚೌಕಗಳು. ಯಾವುದು ಯಾವುದೆಂದು ಅಮ್ಮನಿಗೆ ತಿಳಿಯುತ್ತಿಲ್ಲ.

ಗ್ರಂಥಾಲಯದ ಮೂಲೆ · ಮುಂದಿನ ಮಂಗಳವಾರ, ರಾತ್ರಿ 8.30

ಅದು ಡಿಸ್ಕಿನ ದೋಷವಲ್ಲ, ಟಿವಿಯಲ್ಲಿ ಕನ್ನಡದ ಅಕ್ಷರಶೈಲಿ ಇಲ್ಲ. ಕನ್ನಡದ ಹೆಸರನ್ನು ತೆಗೆಯಬೇಡಿ. ಅದರ ಮುಂದೆ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಅಡ್ಡಗೆರೆ ಹಾಕಿ ಸೇರಿಸಿ: 2009-03-12. ಅಂಕಿಗಳನ್ನು ಎಲ್ಲ ಟಿವಿಯೂ ತೋರಿಸುತ್ತದೆ, ಪಟ್ಟಿಯೂ ತಾನಾಗಿ ಕಾಲಕ್ರಮಕ್ಕೆ ಬರುತ್ತದೆ. ಅಪ್ಪಯ್ಯನವರ ನೋಟ್‌ಬುಕ್ಕನ್ನು ಟಿವಿಯ ಪಕ್ಕದಲ್ಲಿಡಿ, ಅಮ್ಮ ದಿನಾಂಕ ನೋಡಿ ಹುಡುಕಿಕೊಳ್ಳುತ್ತಾರೆ. ಹೆಸರು ಬದಲಾಯಿಸುವುದನ್ನು ಮೊದಲು ಟಿವಿಯ ಡಿಸ್ಕಿನಲ್ಲಿ ಮಾಡಿ ನೋಡಿ, ಸರಿ ಎನಿಸಿದರೆ ಉಳಿದ ಎರಡಕ್ಕೆ.

ಸೌಪರ್ಣಿಕಾ ತೀರ · ಮುಂದಿನ ಮಂಗಳವಾರ, ರಾತ್ರಿ 8.52

ನೋಟ್‌ಬುಕ್ ತೆಗೆದಿಟ್ಟೆ. ಮೊದಲ ಪುಟದ ದಿನಾಂಕ 1986ರದು. ನಾಳೆ ಶಾಲೆಯಿಂದ ಬಂದ ಮೇಲೆ ಅಲ್ಲಿಂದಲೇ ಶುರು ಮಾಡುತ್ತೇನೆ.